ಮೂವತ್ತೆರಡು ತೂತಿನ ರಿಮ್ಮು

ಟಿಣ್ ಅನ್ನಬೇಕಾದ ಚಕ್ರದ ಕಡ್ಡಿ ಟೊಪ್ ಅಂದಿತು, ಬಲಗಡೆಯದು, ಗಾಳಿ ತುಂಬುವ ಬಾಯಿಯಿಂದ ಮೂರನೆಯದು — ಇನ್ನೊಂದು ಸಲ ಉಗುರಿನಿಂದ ಮೀಟುತ್ತೇನೆ, ಟಿಣ್, ಟಿಣ್, ಟೊಪ್, ಮುಗಿಯಿತು, ಕೊಳೆತ ಕಾಯಿ, ಇಪ್ಪತ್ತೆರಡು ವರ್ಷ ಕಡೂರಿನ ಕೊಬ್ಬರಿ ಮಂಡಿಯಲ್ಲಿ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಟಗಟ ಆಡಿದರೆ ಈ ರಾಶಿಗೆ, ಆಡದಿದ್ದರೆ ಆ ರಾಶಿಗೆ ಎಸೆದ ಕಿವಿ ಇದು, ಇದಕ್ಕೆ ಮೋಸ ಮಾಡಬೇಕಾದರೆ ಹಾಲೇಶ ಇನ್ನೊಮ್ಮೆ ಹುಟ್ಟಿ ಬರಬೇಕು. ತನುಜಕ್ಕಾ, ಅದು ವೀಲು ಕಣಕ್ಕ, ವೀಣೆ ಅಲ್ಲ, ಎಷ್ಟೊತ್ತು ಮೀಟ್ತೀರಿ, ಅನ್ನುತ್ತಾನೆ ಹಾಲೇಶ, ಅಜ್ಜಂಪುರದಲ್ಲಿ ಹೈಸ್ಕೂಲಿನ ಆಟದ ಮೇಷ್ಟ್ರು, ರೇಸ್ ಸೈಕಲ್ಲಿನ ಹಳೆ ಸಾಮಾನು ತರಿಸಿ ಮನೆಯ ಜಗುಲಿಯ ಮೇಲೆ ಮಾರುವವನು, ಎರಡು ವರ್ಷದ ಹಿಂದೆ ನನಗೆ ಬಾಗಿದ ಹ್ಯಾಂಡಲ್ಲಿನ ಸೈಕಲ್ ಕೊಟ್ಟವನೂ ಇವನೇ, ನಲವತ್ತೈದು ದಾಟಿದ ಹೆಂಗಸು ಇದನ್ನು ತುಳಿಯುತ್ತಾಳೆ ಅಂತ ಅವನಿಗೆ ನಂಬಿಕೆ ಇರಲಿಲ್ಲ, ನನಗೇನು ಇತ್ತೇ, ಬರೀ ಹೊಟ್ಟೆಕಿಚ್ಚು, ಬೀರೂರು ರಸ್ತೆಯಲ್ಲಿ ಒಂದು ಬೆಳಗ್ಗೆ ನಾಲ್ಕು ಜನ ಸರ್ರನೆ ಹೋದರು, ಸದ್ದಿಲ್ಲ, ಟೈರಿನ ಸಣ್ಣ ಗುಂಯ್ ಮಾತ್ರ, ನಾನು ಲಗೇಜ್ ಆಟೋದಲ್ಲಿ ಮೂಟೆಗಳ ಮೇಲೆ ಕೂತಿದ್ದೆ, ಅವರು ಆಟೋವನ್ನೇ ಹಿಂದೆ ಹಾಕಿದರು, ಆವತ್ತೇ ಅಂದುಕೊಂಡೆ, ನನಗೂ ಅದು ಬೇಕು. ಈಗ ಭಾನುವಾರ ಬಂತೆಂದರೆ ಕಡೂರಿನಿಂದ ತರೀಕೆರೆ, ಕಾಲು ಕೇಳಿದರೆ ಇನ್ನೂ ಮುಂದೆ, ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು, ನೋಡುವವರು ನೋಡಲಿ, ನಗುವವರ ಹಲ್ಲು ಅವರದು — ಹೋಗುತ್ತಿದ್ದೆ ಅನ್ನಬೇಕು, ಎರಡು ತಿಂಗಳಾಯಿತು ಸೈಕಲ್ ಗೋಡೆಗೆ ಒರಗಿ, ಹಿಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟ, ಮುಂದಿನ ರಿಮ್ಮು ಬ್ರೇಕಿಗೆ ಸವೆದು ಸವೆದು ಒಳಗೆ ಗುಳಿ.

ಕಪ್ಪು ಜೋರಾಗೈತೆ ಕಣೇ, ತಗೊಂಡ್ಬಿಡು, ಅನ್ನುತ್ತಾನೆ ನನ್ನ ಗಂಡ ಚಿಕ್ಕಬೀರಪ್ಪ, ಕಡೂರಿನ ಹೋಟೆಲಿನಲ್ಲಿ ದೋಸೆ ಹಾಕುವವನು, ಇವತ್ತು ರಜೆ ಅಂತ ಬೆನ್ನಿಗೆ ಬಂದಿದ್ದಾನೆ, ಕಪ್ಪಗೆ ಗುಂಡಗೆ ಇದ್ದದ್ದೆಲ್ಲ ಅವನಿಗೆ ದೋಸೆ ಹಂಚಿನ ಹಾಗೆ ಚಂದ. ನಾಲ್ಕು ಬೆರಳು ಎತ್ತರದ ರಿಮ್ಮು, ಹೊಳೆಯುತ್ತದೆ, ಇಲ್ಲವೆನ್ನುವುದಿಲ್ಲ, ಆದರೆ ಇದೇ ಅಜ್ಜಂಪುರದ ಬಯಲಿನಲ್ಲಿ ಮಧ್ಯಾಹ್ನ ಗಾಳಿ ಅಡ್ಡ ಬೀಸಿದರೆ ಈ ಎತ್ತರದ ರಿಮ್ಮು ಬಿಚ್ಚಿದ ಕೊಡೆಯ ಹಾಗೆ ಗಾಳಿ ಹಿಡಿಯುತ್ತದೆ, ನನ್ನನ್ನು ಹೊಲಕ್ಕೆ ಇಳಿಸಿಬಿಡುತ್ತದೆ, ಮುಂದಿನದರಲ್ಲಿ ಇಪ್ಪತ್ತೇ ಕಡ್ಡಿ, ತರೀಕೆರೆ ರಸ್ತೆಯ ಗುಂಡಿಗೆ ಒಂದು ಮುರಿದರೆ ಉಳಿದವು ಕೈ ಎತ್ತುತ್ತವೆ, ಆ ಜಾತಿಯ ಕಡ್ಡಿ ಶಿವಮೊಗ್ಗದಲ್ಲೂ ಸಿಗುವುದಿಲ್ಲ, ಮತ್ತೆ ಹಗುರ ಅನ್ನುತ್ತಾನೆ ಹಾಲೇಶ, ಎಡಗೈಯಲ್ಲಿ ಇದು, ಬಲಗೈಯಲ್ಲಿ ಜಗುಲಿಯ ಮೇಲಿದ್ದ ಒಂದು ಮಾಮೂಲಿ ಚಕ್ರ, ಎತ್ತಿ ನೋಡಿದೆ, ಅರ್ಧ ಕಾಯಿಯ ತೂಕವೂ ವ್ಯತ್ಯಾಸವಿಲ್ಲ. ನನಗೆ ಬೇಕಾದದ್ದು ಒಂದೇ ಜೊತೆ, ಬಯಲಿಗೂ ಅದೇ, ಗುಂಡಿಗೂ ಅದೇ, ಕೆಮ್ಮಣ್ಣುಗುಂಡಿಯ ಏರಿಗೂ ಅದೇ, ಶ್ರೀಮಂತರು ಒಂದೊಂದಕ್ಕೆ ಒಂದೊಂದು ಇಟ್ಟುಕೊಳ್ಳಲಿ, ನನ್ನ ಪರ್ಸಿನಲ್ಲಿರುವುದು ಒಂಬತ್ತು ಸಾವಿರ, ಈ ಟೊಪ್ ಅನ್ನುವ ಕಪ್ಪು ಜೊತೆಗೆ ಹಾಲೇಶ ಕೇಳುತ್ತಿರುವುದೂ ಅಷ್ಟನ್ನೇ. ಇಲ್ಲ, ಬೇಡ, ಅಂದೆ. ಹಾಲೇಶ ತಲೆ ಕೆರೆದುಕೊಂಡು ಮಂಚದ ಕೆಳಗಿನಿಂದ ಎರಡು ಖಾಲಿ ರಿಮ್ಮು ಎಳೆದ, ಕಡ್ಡಿ ಇಲ್ಲ, ನಡುವೆ ಕಡ್ಡಿಗಳು ಸೇರುವ ಹಬ್ಬಿಲ್ಲ, ಬೆಳ್ಳಗೆ, ಗಿಡ್ಡಗೆ, ಸ್ವಲ್ಪ ಅಗಲ, ದಪ್ಪ ಟೈರು ಆರಾಮಾಗಿ ಕೂರುವಷ್ಟು, ಒಂದೊಂದಕ್ಕೆ ಮೂವತ್ತೆರಡು ತೂತು, ಹೊಸದು, ಯಾರೂ ಕೇಳದೆ ಉಳಿದದ್ದು, ಮೂರು ಸಾವಿರಕ್ಕೆ ಎರಡೂ — ಇದೇ, ಇದೇ ನನ್ನದು. ನಿಮ್ ಹಳೇ ಹಬ್ಬು ಗಟ್ಟಿ ಐತಕ್ಕ, ಬೇರಿಂಗ್ ಬದಲಾಯಿಸಿ ಗ್ರೀಸ್ ತುಂಬಿದ್ರೆ ಹತ್ತು ವರ್ಷ ನೋಡಂಗಿಲ್ಲ, ಆದ್ರೆ ಕಡ್ಡಿ ಹಾಕಿ ಗಾಲಿ ಕಟ್ಟೋರು ಬೇಕಲ್ಲ, ಅಂದ ಹಾಲೇಶ. ತರೀಕೆರೇಲಿ ಖಾಸಿಂ ಸಾಬ್ರಿದಾರಲ್ಲ, ಅಂದ ಚಿಕ್ಕಬೀರಪ್ಪ, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಅವರು ಈಗ ಕಟ್ಟಲ್ವಂತೆ, ದಸರಾದಿಂದ ಬಿಟ್ಬಿಟ್ರಂತೆ, ಪಂಕ್ಚರ್ ಬಿಟ್ಟು ಬೇರೇನೂ ಮುಟ್ಟಲ್ಲ, ಕೈ ನಡುಗುತ್ತೆ ಅಂತಾರೆ, ಅಂದ ಹಾಲೇಶ, ಸುಮ್ಮನೆ, ಗೊತ್ತಿಲ್ಲದೆ, ಚಹಾ ಗುಟುಕರಿಸುತ್ತಾ. ದಸರಾದಿಂದ.

ಅವರ ಕೈ ನಡುಗುವುದಿಲ್ಲ, ನಡುಗಿಸಿದವಳು ನಾನು, ಈ ಬಾಯಿ — ಆಯುಧಪೂಜೆಯ ದಿನ ಸೈಕಲ್ ತೊಳೆದು ಕುಂಕುಮ ಇಟ್ಟು ಹೂ ಮುಡಿಸಿದೆ, ಅಷ್ಟಕ್ಕೆ ಬಿಡಬೇಕಿತ್ತು, ಬಿಡಲಿಲ್ಲ, ಕೊಬ್ಬರಿಯವಳ ಮನೆಯಲ್ಲಿ ಎಣ್ಣೆಗೇನು ಬರ, ಮಚ್ಚಿಗೆ ಹಚ್ಚಿದೆ, ಕಾಯಿ ಸುಲಿಯುವ ಸಲಾಕೆಗೆ ಹಚ್ಚಿದೆ, ಸೈಕಲ್ಲಿಗೂ ಹಚ್ಚಿದೆ, ಕಡ್ಡಿಗೆ, ರಿಮ್ಮಿಗೆ, ಮಗಳ ತಲೆಗೆ ತಿಕ್ಕುವ ಹಾಗೆ ತಿಕ್ಕಿ ತಿಕ್ಕಿ ಹೊಳೆಸಿದೆ, ಮಾರನೆಯ ದಿನ ಕೆಮ್ಮಣ್ಣುಗುಂಡಿ ಹತ್ತಿದೆ, ಹತ್ತುವಾಗ ಬ್ರೇಕ್ ಯಾರಿಗೆ ಬೇಕು, ಹೆಬ್ಬೆ ಫಾಲ್ಸಿಗೆ ಬನ್ನಿ ಹೆಬ್ಬೆಗೆ ಬನ್ನಿ ಅಂತ ಜೀಪಿನವರು ಕೂಗುವಲ್ಲಿ ನಿಂತು ಎರಡು ಬಾಳೆಹಣ್ಣು ತಿಂದೆ, ಆ ಚಳಿ, ಆ ಬೆಟ್ಟ, ಇಷ್ಟು ಎತ್ತರಕ್ಕೆ ನನ್ನ ಕಾಲೇ ನನ್ನನ್ನು ತಂದಿದೆ ಅಂತ ಒಬ್ಬಳೇ ನಕ್ಕೆ, ಇಳಿದೆ, ಕಲ್ಲತ್ತಿಗಿರಿಯ ಮೇಲಿನ ತಿರುವಿನಲ್ಲಿ ಬ್ರೇಕಿನ ಹಿಡಿ ಒತ್ತಿದೆ, ಚಕ್ರ ನಿಲ್ಲಲಿಲ್ಲ, ರಬ್ಬರು ಜಾರುತ್ತಿದೆ, ಜಾರುತ್ತಿದೆ, ಲಂಟಾನ ಪೊದೆಗೆ ನುಗ್ಗಿದೆ, ಕಡ್ಡಿ ಪಟಪಟ ಮುರಿದವು, ಪುಣ್ಯಕ್ಕೆ ಮೈ ಪರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಾಲಿನ ಗಾಡಿಯವನು ತರೀಕೆರೆಗೆ ತಂದು ಬಿಟ್ಟ, ನಾನು ಸೀದಾ ಖಾಸಿಂ ಸಾಬರ ಅಂಗಡಿಗೆ, ಹಿಂದಿನ ವಾರ ಚಕ್ರದ ಬೆಂಡ್ ತೆಗೆದಿದ್ದು ಅವರೇ ಅಲ್ಲವೇ, ರಸ್ತೆಯ ಮಧ್ಯ ನಿಂತು ಕೂಗಿದೆ, ನನ್ನ ಸಾಯಿಸ್ಬೇಕು ಅಂತಿದ್ರೇನ್ರೀ, ನಿಮ್ ಕೈಗೆ ವಯಸ್ಸಾಯ್ತು, ಅಂಗಡಿ ಮುಚ್ಚಿ ಮನೇಲಿ ಕೂತ್ಕಳಿ. ಎದುರಿನ ಟೀ ಅಂಗಡಿಯವರೆಲ್ಲ ಹೊರಗೆ ಬಂದರು. ಅವರು ಸೊಟ್ಟ ರಿಮ್ಮನ್ನು ಎರಡು ಬೆರಳಲ್ಲಿ ಸವರಿದರು, ಬೆರಳನ್ನು ಮೂಗಿನ ಹತ್ತಿರ ಹಿಡಿದರು, ನನ್ನನ್ನು ನೋಡಿದರು, ಬಿಟ್ಟೋಗಮ್ಮಾ, ನೋಡ್ತೀನಿ ಅಂದರು, ನಾನು ಬಿಡಲಿಲ್ಲ, ಕಸಿದುಕೊಂಡು ಬಸ್ಸು ಹತ್ತಿದೆ. ಮನೆಯಲ್ಲಿ ಚಿಕ್ಕಬೀರಪ್ಪ ಚಕ್ರ ಇಳಿಸಿಕೊಂಡವನು ಕೈ ನೋಡಿಕೊಂಡು, ಏನೇ ಇದು, ಗಾಲಿಗೆ ಒಗ್ಗರಣೆ ಹಾಕಿದ್ಯೇನೇ, ಇಷ್ಟೊಂದು ಜಿಡ್ಡು ಅಂದ — ಆಗ ಗೊತ್ತಾಯಿತು, ಆಗಲೇ, ಆ ಕ್ಷಣವೇ, ಮತ್ತು ಎರಡು ತಿಂಗಳು ಗೊತ್ತಿಲ್ಲದವಳ ಹಾಗೆ ಇದ್ದೆ.

ತರೀಕೆರೆಯ ಬಸ್ಸು ಕುಲುಕುತ್ತದೆ, ಒಂದು ರಿಮ್ಮು ನನ್ನ ಕೊರಳಿಗೆ, ಒಂದು ಅವನ ಕೊರಳಿಗೆ, ಮದುವೆಯಲ್ಲೂ ಇಷ್ಟು ದೊಡ್ಡ ಹಾರ ಹಾಕಿಕೊಂಡಿರಲಿಲ್ಲ ನಾವು, ಹಳೆಯ ಹಬ್ಬುಗಳು ಚೀಲದಲ್ಲಿ ಮಡಿಲ ಮೇಲೆ, ಅವನ್ನು ಹಾಲೇಶನಿಗೆ ತೋರಿಸಲೆಂದು ಕಳಚಿ ತಂದದ್ದು ಒಳ್ಳೆಯದೇ ಆಯಿತು. ಏನವ್ವಾ ಇದು, ಜರಡಿನಾ, ಅನ್ನುತ್ತಾಳೆ ಪಕ್ಕದ ಸೀಟಿನ ಮುದುಕಿ. ಹೂಂ ಅಜ್ಜಿ, ತಳ ಇಲ್ಲದ ಜರಡಿ, ಅಂದೆ. ಹಂಗಾದ್ರೆ ಜರಡಿ ಹಿಡಿಯೋದು ಏನನ್ನ, ಅಂದಳು, ಮುದುಕಿ ಬಿಡುವವಳಲ್ಲ. ಕಂಡಕ್ಟರ್ ಬಂದ, ಇದಕ್ಕೆ ಲಗೇಜ್ ಟಿಕೆಟ್ ಆಗುತ್ತಮ್ಮ. ಬರೀ ತೂತಿಗೆ ಟಿಕೆಟ್ ಕೊಡ್ತೀಯೇನಪ್ಪಾ, ಕೊರಳಲ್ಲಿರೋ ಒಡವೆಗೆ ಯಾವತ್ತಾದ್ರೂ ಟಿಕೆಟ್ ಕೊಟ್ಟಿದ್ದೀಯಾ, ಅಂದೆ, ಬಸ್ಸೆಲ್ಲ ನಕ್ಕಿತು, ಅವನೂ ನಕ್ಕು ಮುಂದೆ ಹೋದ. ನಗು ಬರುತ್ತದೆ, ಭಯವೂ ಆಗುತ್ತದೆ, ರಿಮ್ಮಿನೊಳಗಿಂದ ಕಾಣುವ ಈರುಳ್ಳಿ ಹೊಲ, ಹುಣಸೆ ಮರ, ಮತ್ತೆ ಹೊಲ, ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತೇನೆ, ಖಾಸಿಂ ಸಾಬ್ರೇ, ದೊಡ್ಡೋರು ನೀವು, ನನ್ನಿಂದ ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ — ಎಷ್ಟು ಮೆತ್ತಗಿದೆ, ಇದು ನನ್ನ ಬಾಯಿಯಿಂದ ಬರುವ ಮಾತೇ ಅಲ್ಲ. ಅವ್ರು ಕಟ್ಟಲ್ಲ ಅಂದ್ರೆ ಏನ್ಮಾಡ್ತೀಯ, ಅನ್ನುತ್ತಾನೆ ಚಿಕ್ಕಬೀರಪ್ಪ. ಗೊತ್ತಿಲ್ಲ. ರಿಮ್ಮು ಗೋಡೆಗೆ ನೇತು ಹಾಕುತ್ತೇನೆ, ಸೈಕಲ್ ಮಾರುತ್ತೇನೆ, ನಲವತ್ತು ವರ್ಷ ಗಾಲಿ ಕಟ್ಟಿದ ಕೈಯನ್ನು ನಾನು ನಿಲ್ಲಿಸಿ ನಾನು ಹೇಗೆ ಗಾಲಿ ಉರುಳಿಸಲಿ.

ತರೀಕೆರೆ. ಅಂಗಡಿ ತೆರೆದಿದೆ, ಖಾಸಿಂ ಸಾಬರು ನೆಲಕ್ಕೆ ಕೂತು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದಾರೆ, ಅವರ ಹೆಂಡತಿ ಅಮೀನಾಬಿ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಳೆ, ಎದುರಿನ ಟೀ ಅಂಗಡಿಯಲ್ಲಿ ಅವತ್ತಿನವೇ ಮುಖಗಳು. ಕೊರಳಲ್ಲಿ ರಿಮ್ಮು ಹಾಕಿಕೊಂಡೇ ರಸ್ತೆಯ ಮಧ್ಯ ನಿಂತೆ, ಅವತ್ತು ನಿಂತ ಜಾಗದಲ್ಲೇ, ಮೆತ್ತಗಿನ ಮಾತೆಲ್ಲ ಬಸ್ಸಿನಲ್ಲೇ ಉಳಿದಿದೆ, ಬಾಯಿ ತೆರೆದರೆ ಬಂದದ್ದು ಮಂಡಿಯ ಗಂಟಲು, ಖಾಸಿಂ ಸಾಬ್ರೇ, ರಿಮ್ಮಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದು ನಾನು, ಬ್ರೇಕ್ ಜಾರಿದ್ದು ಅದಕ್ಕೆ, ನಿಮ್ ಕೈದೇನೂ ತಪ್ಪಿರಲಿಲ್ಲ, ಕೇಳಿಸ್ತೇನ್ರೀ ಟೀ ಕುಡಿಯೋರೇ, ತಪ್ಪು ನಂದು. ಕೇಳಿಸದೆ ಏನು, ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು, ಒಬ್ಬ ಗ್ಲಾಸು ಹಿಡಿದುಕೊಂಡೇ ಎದ್ದು ನಿಂತ. ಖಾಸಿಂ ಸಾಬರು ಟ್ಯೂಬಿನಿಂದ ಕಣ್ಣು ತೆಗೆಯಲಿಲ್ಲ, ಗೊತ್ತಮ್ಮಾ, ಅವತ್ತೇ ವಾಸನೆ ಬಂತು, ಒಳ್ಳೇ ಎಣ್ಣೆ, ಗಾಣದ್ದು, ಅಂದರು. ಗೊತ್ತಿದ್ದೂ ಯಾಕ್ ಹೇಳಲಿಲ್ಲ, ಅಂದೆ. ಅಷ್ಟು ಜನ ನೋಡ್ತಿದ್ರಲ್ಲ, ಹೆಣ್ಮಗಳು ನಗೆಪಾಟ್ಲಾಗೋದು ಬ್ಯಾಡ ಅಂತ, ಅಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ರಿಮ್ಮು ಕೊರಳಿನಿಂದ ತೆಗೆದು ಅವರ ಮುಂದೆ ಇಟ್ಟೆ, ಕಟ್ಟಿಕೊಡಿ. ಅವರು ಕೈ ಒರೆಸಿಕೊಂಡರು, ಮುಟ್ಟಲಿಲ್ಲ. ಇಲ್ಲಮ್ಮಾ, ನೀನಂದಿದ್ದು ಸುಳ್ಳಲ್ಲ, ವಯಸ್ಸಾಗೈತೆ, ಗಾಲಿ ಕೈಗೆತ್ಕೊಂಡ್ರೆ ನಿನ್ ಮಾತೇ ಕಿವೀಲಿ, ಸ್ಪ್ಯಾನರ್ ಹಿಡಿದ್ರೆ ಹಿಂಗಾಗುತ್ತೆ, ಅಂತ ಬೆರಳು ತೋರಿಸಿದರು, ಬೆರಳು ಸಣ್ಣಗೆ ನಡುಗುತ್ತಿತ್ತು. ಹಂಗಾದ್ರೆ ನಡುಗೋ ಕೈಲೇ ಕಟ್ಟಿ, ಅಂದೆ, ನೀವು ಕಟ್ಟಿದ್ದು ಮುರಿದು ನಾನು ಸತ್ರೂ ಪರವಾಗಿಲ್ಲ, ಇನ್ನೊಬ್ಬರ ಕೈಗೆ ಕೊಡಲ್ಲ, ನೀವು ಕಟ್ಟೋವರೆಗೂ ಇಲ್ಲಿಂದ ಏಳೋದಿಲ್ಲ, ಅಂತ ನೆಲದ ಮೇಲೆ ಕೂತೇಬಿಟ್ಟೆ. ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಅಮೀನಾಬಿ ಎದ್ದಳು, ಅರೆ, ಕಟ್ಕೊಡಿ, ಇವಳು ಕೂತ್ರೆ ರಾತ್ರಿ ಊಟಾನೂ ನಾನೇ ಹಾಕ್ಬೇಕು, ಅಂದಳು, ಒಳಗೆ ಹೋಗಿ ಕಡ್ಡಿಯ ಡಬ್ಬ ತಂದು ಗಂಡನ ಮುಂದೆ ದಡ್ ಅಂತ ಇಟ್ಟಳು, ನನ್ನ ಕಡೆ ತಿರುಗಿ, ಎಣ್ಣೆ ತಲೆಗೆ ಹಚ್ಕೊಳ್ಳಮ್ಮಾ, ಸಿಟ್ಟು ಸ್ವಲ್ಪ ತಣ್ಣಗಾಗುತ್ತೆ, ಗಾಲಿಗೆ ಬ್ಯಾಡ. ಟೀ ಅಂಗಡಿ ಹೋ ಅಂತ ನಕ್ಕಿತು, ಚಿಕ್ಕಬೀರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ, ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು, ಖಾಸಿಂ ಸಾಬರ ಬಿಳಿ ಮೀಸೆಯೂ ಸ್ವಲ್ಪ ಅಲುಗಿತು.

ಮೊದಲ ಕಡ್ಡಿ ಹಬ್ಬಿನ ತೂತಿಗೆ ಹೋಗುವುದಕ್ಕೆ ಮೂರು ಸಲ ತಪ್ಪಿತು, ನಾಲ್ಕನೆಯ ಸಲ ಹೋಯಿತು, ಎರಡನೆಯದು ಒಂದೇ ಸಲಕ್ಕೆ, ಆಮೇಲೆ ಎಣಿಸುವುದನ್ನು ಬಿಟ್ಟೆ, ಒಂದು ಮೇಲಿನಿಂದ ಒಂದು ಕೆಳಗಿನಿಂದ, ಎರಡು ದಾಟಿ ಮೂರನೆಯದಕ್ಕೆ ಹೆಣೆದು, ಚಾಪೆ ಹೆಣೆಯುವ ಹಾಗೆ, ಅವರು ನೋಡುತ್ತಲೂ ಇಲ್ಲ, ಬೆರಳೇ ದಾರಿ ಹಿಡಿದು ಹೋಗುತ್ತಿದೆ, ಕಡ್ಡಿಯಿಂದ ಕಡ್ಡಿಗೆ, ಎರಡು ಗಂಟೆಯೋ ಮೂರು ಗಂಟೆಯೋ, ಟೀ ಎರಡು ಸಲ ಬಂತು, ಎರಡು ಸಲ ಆರಿತು. ಗೋಡೆಯ ಪಕ್ಕದ ಒಂದು ಹಳೆ ಸೈಕಲ್ಲನ್ನು ತಲೆಕೆಳಗು ಮಾಡಿ ಅದಕ್ಕೆ ನನ್ನ ಚಕ್ರ ಸಿಕ್ಕಿಸಿದರು, ತಿರುಗ್ಸಮ್ಮಾ, ರಬ್ಬರಿಗೆ ಎಲ್ಲಿ ಮುಟ್ಟುತ್ತೆ ನೀನೇ ಹೇಳು, ನೀನು ಸರಿ ಅನ್ನೋವರೆಗೂ ನಾನು ಬಿಡಲ್ಲ, ಅಂದರು, ಮೆತ್ತಗೇ ಅಂದರು, ಆದರೆ ಎರಡು ತಿಂಗಳಿನ ನೋವು ಅದರಲ್ಲಿತ್ತು. ತಿರುಗಿಸಿದೆ. ನೆಲಕ್ಕೆ ಬಗ್ಗಿ ಒಂದು ಕಣ್ಣು ಮುಚ್ಚಿದೆ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವೆ ಸಂಜೆಯ ಬೆಳಕು, ಒಂದು ಗೆರೆ, ಅಗಲವಾಗುತ್ತದೆ, ತೆಳ್ಳಗಾಗುತ್ತದೆ, ಮುಚ್ಚಿಹೋಗುತ್ತದೆ, ಇಲ್ಲಿ, ಅಂದೆ, ಅವರು ಕಡ್ಡಿಯ ನಟ್ಟನ್ನು ಕಾಲು ಸುತ್ತು ತಿರುವಿದರು, ಮತ್ತೆ ತಿರುಗಿಸಿದೆ, ಗೆರೆ ಉಬ್ಬುತ್ತದೆ, ಇಳಿಯುತ್ತದೆ, ಇಲ್ಲಿ, ಇನ್ನೊಂದು ನಟ್ಟು, ಕಾಲು ಸುತ್ತೂ ಅಲ್ಲ, ಕೂದಲಿನಷ್ಟು, ಆ ಬೆರಳು ಸ್ಪ್ಯಾನರಿನ ಮೇಲೆ ಕಲ್ಲಿನ ಹಾಗೆ ನಿಂತಿದೆ, ನಾನು ಹೇಳಬೇಕು ಅಂದುಕೊಂಡೆ, ನೋಡಿ ಸಾಬ್ರೇ, ನಿಮ್ಮ ಕೈ ನೋಡಿಕೊಳ್ಳಿ, ಹೇಳಲಿಲ್ಲ, ಮತ್ತೆ ತಿರುಗಿಸಿದೆ, ಭಾನುವಾರ ಅಂತರಘಟ್ಟೆಯ ಕಡೆಗೋ, ಅಲ್ಲ, ಕೆಮ್ಮಣ್ಣುಗುಂಡಿಗೇ, ಅದೇ ತಿರುವಿಗೇ — ಈಗ ಹೇಳಮ್ಮಾ, ಎಲ್ಲಿ ಮುಟ್ತು? ಚಕ್ರ ತಿರುಗುತ್ತಿದೆ, ಗೆರೆ ನಿಂತಿದೆ, ಹೇಳಮ್ಮಾ, ಅನ್ನುತ್ತಾರೆ, ಎಲ್ಲಿ ಅಂತ ಹೇಳಲಿ, ಎಲ್ಲೂ ಮುಟ್ಟುವುದಿಲ್ಲ, ಅಗಲವಾಗುವುದಿಲ್ಲ, ತೆಳ್ಳಗಾಗುವುದಿಲ್ಲ, ಚಕ್ರ ತಿರುಗುತ್ತಲೇ ಇದೆ, ನಡುವೆ ಅಲುಗಾಡದೆ ಒಂದು ಗೆರೆ ಬೆಳಕು, ಒಂದು ಗೆರೆ