ಕೊಳಲು ಬರಬೇಕಾದ ಜಾಗ

ಧಬ್, ಧಬ್, ಮತ್ತೆ ಧಬ್ — ವ್ಯಾನಿನ ಬಾಗಿಲಿಗೆ ಕೂರಿಸಿದ ಸ್ಪೀಕರು ಅವನ ಎಡಮೊಣಕಾಲಿಗೆ ಗುದ್ದುತ್ತಿದೆ, ಹಾಡು ಅಂದ ಮೇಲೆ ಕಿವಿಗೆ ಬರಬೇಕು, ಇದು ಮೊಣಕಾಲಿಗೆ ಬರುತ್ತಿದೆ, ಈ ಕಾಲದ ಹಾಡುಗಳ ಹಣೆಬರಹವೇ ಇಷ್ಟು, ರಾಗ ಇಲ್ಲ, ಮಾತು ಇಲ್ಲ, ನಡುನಡುವೆ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ಗೊಣಗುತ್ತಾರೆ, ಅದಕ್ಕೆ ಹಾಡು ಅಂತ ಹೆಸರು, ಮಗಳು ಸ್ಟೀರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಒಮ್ಮೆ ರಸ್ತೆ ನೋಡುತ್ತಾಳೆ, ಒಮ್ಮೆ ಅವನನ್ನು ನೋಡುತ್ತಾಳೆ, ಏನು ನೋಡುತ್ತಾಳೋ, ಮುಖಕ್ಕೆ ಮಸಿ ಹತ್ತಿದೆಯೇನೋ ಅಂತ ಅವನು ಕನ್ನಡಿ ತಿರುಗಿಸಿಕೊಂಡ, ಮಸಿ ಇಲ್ಲ, ಮೀಸೆ ಇದೆ, ಅದೂ ಬೆಳ್ಳಗಾಗಿದೆ. ಹಿಂದೆ ಹಗ್ಗ ಬಿಗಿದು ಮಲಗಿಸಿದ ಗೇಟು, ಎರಡು ಬಾಗಿಲು, ಒಂದೊಂದಕ್ಕೂ ಹದಿಮೂರು ಸರಳು, ನಿನ್ನೆ ಸಂಜೆಯ ತನಕ ಗ್ರೈಂಡರ್ ಹಿಡಿದು ಬೆಸುಗೆಯ ಗಂಟುಗಳನ್ನೆಲ್ಲ ತೇಯ್ದು ನುಣ್ಣಗೆ ಮಾಡಿದ್ದು ಅವನೇ, ಅಳತೆ ತೆಗೆದದ್ದು ಮಗಳು, ಚಿತ್ರ ಬರೆದದ್ದು ಮಗಳು, ಬಳ್ಳಿ ಹೂವು ಎಲ್ಲ ಬೇಡ ಅಪ್ಪಾ, ಈಗ ಯಾರೂ ಕೇಳಲ್ಲ, ನೆಟ್ಟಗೆ ಸರಳು ಸಾಕು ಅಂದವಳೂ ಮಗಳೇ, ಗೇಟಿಗೂ ಹಾಡಿನ ಗತಿಯೇ ಬಂತು, ಹೂವು ಹೋಯಿತು ಸರಳು ಉಳಿಯಿತು. ಹೊರಟು ಹತ್ತು ನಿಮಿಷ ಆಗಿರಲಿಲ್ಲ, ಅಪ್ಪಾ, ಗೇಟಿನ ಚಿಲಕ ಟಿಂಗ್ ಟಿಂಗ್ ಅಂತಿದೆ, ಸರಿಯಾಗಿ ಕಟ್ಟಿಲ್ವಾ ಅಂದಳು, ಏನು ಅಂದ ಅವನು, ಚಿಲಕ ಅಪ್ಪಾ ಚಿಲಕ, ಯಾವ ಟಿಂಗೂ ಇಲ್ಲ, ನಾನು ಕಟ್ಟಿದ್ದು ಅಲ್ಲಾಡಲ್ಲ, ಸುಮ್ನೆ ಓಡ್ಸು, ಅವಳು ಸ್ವಲ್ಪ ದೂರ ಓಡಿಸಿದಳು, ಆಮೇಲೆ ತಾನೇ ನಿಲ್ಲಿಸಿ ಇಳಿದು ಹಿಂದೆ ಹೋಗಿ ಏನೋ ಮಾಡಿ ಬಂದಳು, ಬಂದವಳೇ ಮೊಬೈಲು ತೆಗೆದು ಈ ಧಬ್ ಧಬ್ ಹಚ್ಚಿದಳು.

ಎರಡು ವರ್ಷವಾಗಿತ್ತು ಈ ವ್ಯಾನಿನಲ್ಲಿ ಹಾಡು ಕೇಳಿ, ಸ್ಪೀಕರು ಸತ್ತಿರಬೇಕು ಅಂದುಕೊಂಡಿದ್ದ, ಸತ್ತಿರಲಿಲ್ಲ, ಅವಳೇ ಅದರ ಬಾಯಿ ಮುಚ್ಚಿಸಿದ್ದಳು, ಅವಳೋ ಅವನೋ — ಅವತ್ತು ಅವಳು ಯಾವುದೋ ಹೊಸ ಹಾಡು ಹಿಡಿದು ಕುಣಿಯುತ್ತ ಬಂದಿದ್ದಳು, ಅಪ್ಪಾ ಇದನ್ನ ಕೇಳು, ಇದೊಂದನ್ನ ಕೇಳು, ನಿನಗೂ ಇಷ್ಟ ಆಗುತ್ತೆ, ಅವನು ಅರ್ಧ ನಿಮಿಷ ಕೇಳಿ, ಇದೂ ಒಂದು ಹಾಡಾ, ತಗಡು ಬಡಿದ ಹಾಗಿದೆ ಅಂದುಬಿಟ್ಟ, ಎಲ್ಲಿಂದ ಬಂತೋ ಆ ಮಾತು ಬಾಯಿಗೆ, ಅವಳು ಜಗಳ ಆಡಿದ್ದರೆ ಚೆನ್ನಾಗಿತ್ತು, ಆಡಲಿಲ್ಲ, ಸರಿ ಬಿಡು ಅಂದಳು, ಅಂದಿನಿಂದ ಹಾಡೆಲ್ಲ ಅವಳ ಕಿವಿಯೊಳಗೆ, ಎರಡು ಬಿಳಿ ಗುಂಡಿಗಳ ಹಿಂದೆ, ಅವನಿಗೆ ಪ್ರವೇಶವಿಲ್ಲ. ಚಿಕ್ಕವಳಿದ್ದಾಗ ಅವನ ಹಾಡೇ ಅವಳ ಹಾಡಾಗಿತ್ತು, ಅಂಗಡಿಯಲ್ಲಿ ಟೂಲಿನ ಟ್ರಂಕಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತ, ತುಟಿ ಮುಂದೆ ಚಾಚಿ ತೂ ತುತೂ ಅಂತ ಕೊಳಲು ಊದುತ್ತಿದ್ದಳು, ಹಾಡಿನ ಮಾತು ಒಂದೂ ಬರುತ್ತಿರಲಿಲ್ಲ, ಕೊಳಲು ಮಾತ್ರ ತಪ್ಪುತ್ತಿರಲಿಲ್ಲ. ಹಾಡು ಅಂದರೆ ಅದು ನೋಡಿ — ಮೊದಲು ಕೊಳಲು, ಬರೀ ಕೊಳಲು, ತಾಳ ಇಲ್ಲ, ಗೀಳ ಇಲ್ಲ, ಮನೆಯವರನ್ನು ಎಬ್ಬಿಸದೆ ಮೆಟ್ಟಿಲು ಹತ್ತುವವರ ಹಾಗೆ ಮೇಲೆ ಮೇಲೆ ಹೋಗಿ ಕೊನೆಯ ಮೆಟ್ಟಿಲಲ್ಲಿ ನಿಲ್ಲುತ್ತದೆ, ನಿಂತು ಯೋಚಿಸುತ್ತದೆ, ಆಮೇಲೆ ತಾಳ, ಆಮೇಲೆ ಹಾಡುವವಳ ದನಿ, ಮೊದಲ ಸಲ ಕೇಳಿದಾಗ ಅವನಿಗೆ ಹದಿನಾರು ವರ್ಷ, ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದಾನೆ, ಕತ್ತಿನ ಸುತ್ತ ಬಟ್ಟೆ, ಕ್ಷೌರದವನ ಕತ್ತರಿ ಗಾಳಿಯಲ್ಲೇ ನಿಂತುಬಿಟ್ಟಿತು, ತಡಿ ಮಗಾ, ಈ ಕೊಳಲೊಂದು ಮುಗೀಲಿ, ಆ ಗುಂಗಿನಲ್ಲಿ ಒಂದು ಕಿವಿಯ ಪಕ್ಕದ ಕೂದಲು ಗಿಡ್ಡ, ಇನ್ನೊಂದು ಕಡೆಯದು ಉದ್ದ, ಹಾಗೇ ಎದ್ದು ಮನೆಗೆ ಬಂದ, ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಅವನಿಗೆ ನಾಚಿಕೆಯೇ ಆಗಲಿಲ್ಲ. ಮೊದಲ ಸಂಬಳದಲ್ಲಿ ಕೊಂಡ ಕ್ಯಾಸೆಟ್ಟು ಅದೇ, ಟೇಪ್ ರೆಕಾರ್ಡರು ಕೆಟ್ಟು ಗುಜರಿಗೆ ಹೋದ ಮೇಲೂ ಕ್ಯಾಸೆಟ್ಟನ್ನು ಬಿಸಾಡಲು ಮನಸ್ಸಾಗದೆ ಟ್ರಂಕಿನ ತಳಕ್ಕೆ ಹಾಕಿಟ್ಟಿದ್ದ, ಇನ್ನೂ ಅಲ್ಲೇ ಇರಬೇಕು.

ಆ ಟ್ರಂಕು ಅವನ ಅಪ್ಪ ಮಾಡಿದ್ದು. ಅಪ್ಪನ ಕಸುಬು ತಗಡಿನದು, ಟ್ರಂಕು, ಬಕೆಟ್ಟು, ನೀರಿನ ಹಂಡೆಯ ಮುಚ್ಚಳ, ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆ, ಬಲಗೈಯ ತೋರುಬೆರಳಿನ ತುದಿಯನ್ನು ತಗಡಿನ ಕತ್ತರಿ ಯಾವಾಗಲೋ ತಿಂದಿತ್ತು, ಉಗುರಿಲ್ಲದ ಮೊಂಡು ಬೆರಳು, ಬೈಯುವಾಗ ಅದನ್ನೇ ತೋರಿಸುತ್ತಿದ್ದ, ಮನೆಯಲ್ಲಿ ಒಂದು ರೇಡಿಯೋ, ಇವನು ಸಂಜೆ ಹಾಡಿನ ಹೊತ್ತಿಗೆ ಹಚ್ಚುತ್ತಾನೆ, ಅಪ್ಪ ಕೈಕಾಲು ತೊಳೆದು ಒಳಗೆ ಬರುತ್ತಾನೆ, ನೇರ ರೇಡಿಯೋದ ಹತ್ತಿರ, ಅದರ ನೆತ್ತಿಯ ಮೇಲೆ ಅಂಗೈ ಇಡುತ್ತಾನೆ, ಕಣ್ಣು ಮುಚ್ಚುತ್ತಾನೆ, ಮೊಂಡು ಬೆರಳು ಒಂದು, ಎರಡು, ಮೂರು ಅಂತ ರೇಡಿಯೋವನ್ನು ತಟ್ಟುತ್ತದೆ, ಸಿಟ್ಟು ಏರುತ್ತಿದೆ ಅಂತ ಅವನಿಗೆ ಗೊತ್ತು, ಏಟು ಕೊಡುವ ಮುಂಚೆ ಮೇಷ್ಟ್ರು ಬೆತ್ತವನ್ನು ಮೇಜಿಗೆ ತಟ್ಟುವ ಹಾಗೆ, ಹಾಡು ಅರ್ಧ ಆಗುವ ತನಕವೂ ತಟ್ಟುತ್ತಲೇ ಇರುತ್ತದೆ, ಆಮೇಲೆ ಟಕ್ ಅಂತ ಆರಿಸಿ, ಸಾಕು, ತಗಡು ಬಡಿದ ಹಾಗಿದೆ, ಅದನ್ನ ನಾನೇ ದಿನಾ ಬಡೀತೀನಲ್ಲ, ನಮ್ಮ ಕಾಲದ ಹಾಡು ಕೇಳಬೇಕಿತ್ತು ನೀವು, ಅದು ಹಾಡು. ಅಪ್ಪನೂ ಒಂದು ಕಾಲದಲ್ಲಿ ಹಾಡುತ್ತಿದ್ದನಂತೆ, ಸುತ್ತಿಗೆಯ ಏಟಿಗೆ ಸರಿಯಾಗಿ, ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತು ಕೇಳೋರು ಕಣೋ ಅಂತ ಅಮ್ಮ ಹೇಳಿದರೆ ಅವನಿಗೆ ನಂಬಿಕೆಯೇ ಬರುತ್ತಿರಲಿಲ್ಲ, ಈ ಮನುಷ್ಯ ಹಾಡೋದೇ, ಮತ್ತೆ ಯಾಕಮ್ಮ ನಿಲ್ಲಿಸಿದ್ರು ಅಂದರೆ ಅಮ್ಮನಿಗೂ ಗೊತ್ತಿಲ್ಲ, ಒಂದಿನ ಬಿಟ್ಟುಬಿಟ್ರಪ್ಪ. ಕ್ಷೌರದಂಗಡಿಯಿಂದ ಬಂದ ವಾರದಲ್ಲೇ ಕೊಳಲಿನ ಹಾಡು ರೇಡಿಯೋದಲ್ಲಿ ಬಂತು, ಆ ಸಂಜೆಯೂ ಅಪ್ಪ ಹಾಗೇ ಆರಿಸಿದ, ಅವನಿಗೆ ರಕ್ತ ಕುದಿಯಿತು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಅಂದ, ಅಪ್ಪನ ಬೆನ್ನಿಗೆ, ಮೆಲ್ಲಗೇನಲ್ಲ, ತಕ್ಕಮಟ್ಟಿಗೆ ಜೋರಾಗಿಯೇ, ಅಮ್ಮನ ಮುಖ ಬಿಳಿಚಿಕೊಂಡಿತು, ಅಪ್ಪ ತಿರುಗಲೇ ಇಲ್ಲ, ಟವಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಹಿತ್ತಲಿಗೆ ಹೋದ, ಬದುಕಿದೆಯಾ ಬಡಜೀವವೇ ಅಂತ ಅವನು ಉಸಿರು ಬಿಟ್ಟ. ಅಲ್ಲಿಗೆ ಮನೆಗೆ ಹಾಡು ತರುವುದನ್ನೇ ನಿಲ್ಲಿಸಿದ, ಹಾಡು ಬೇಕಾದರೆ ಕ್ಷೌರದಂಗಡಿ, ಅಪ್ಪನ ಹತ್ತಿರ ಮಾತು ಸುತ್ತಿಗೆಗೆ ಮೊಳೆಗೆ ಬಂದು ನಿಂತಿತು, ತಗಡು ಬಿಟ್ಟು ವೆಲ್ಡಿಂಗ್ ಕಲಿಯಲು ಹೋದಾಗ, ಹೋಗ್ತೀನಿ ಅಂದ ಇವನು, ಹೂಂ ಅಂದ ಅಪ್ಪ, ಹದಿನೆಂಟು ವರ್ಷದ ಮೇಲೆ ಅಪ್ಪ ಸಾಯುವ ತನಕವೂ ಹೆಚ್ಚುಕಡಿಮೆ ಅಷ್ಟೇ ಮಾತು.

ಧಬ್ ಧಬ್, ಮೊಣಕಾಲು ಜುಮ್ಮೆನ್ನುತ್ತಿದೆ, ಮಗಳು ಮತ್ತೆ ಅವನ ಮುಖ ನೋಡಿದಳು, ಈ ಸಲ ನಗುತ್ತಿದ್ದಳು, ಏನನ್ನೋ ಕಾಯುವವರ ನಗು, ಸಾಕು ಮಾಡೇ ಅದನ್ನ ಅಂದ ಅವನು, ತಗಡು ಬಡಿದ ಹಾಗಿದೆ. ನಗು ಇಳಿಯಿತು. ಅವಳು ಬೆರಳಿಟ್ಟು ಆರಿಸಿದಳು, ಒಂದು ತಿರುವು ಹೋಯಿತು, ಶಾಲೆಯ ಗೋಡೆ ಹೋಯಿತು, ಪೆಟ್ರೋಲ್ ಬಂಕು ಹೋಯಿತು, ಆಮೇಲೆ ಏನೋ ಅಂದಳು, ಏನು ಅಂದ, ಅದು ನಿನ್ನ ಹಾಡು ಅಪ್ಪಾ. ನನ್ನ ಹಾಡಾ. ಹೂಂ, ತಾತನ ಟ್ರಂಕಲ್ಲಿ ಇತ್ತಲ್ಲ ಕ್ಯಾಸೆಟ್ಟು, ಅದೇ, ಮೂರು ವಾರ ಹುಡುಕಿ ಒಬ್ಬರ ಹತ್ರ ಟೇಪ್ ರೆಕಾರ್ಡರ್ ಸಿಕ್ತು, ಮೊಬೈಲಿಗೆ ಹಾಕಿಸ್ಕೊಂಡು ಬಂದೆ, ಹೋಗ್ಲಿ ಬಿಡು. ಸುಳ್ಳು ಹೇಳ್ಬೇಡ, ಅವನಿಗೆ ನಗು ಬಂತು, ನನ್ನ ಹಾಡಲ್ಲಿ ಮೊದಲು ಕೊಳಲು ಬರುತ್ತೆ. ಬಂತಲ್ಲ ಅಪ್ಪಾ, ಅದು ಬಂದಾಗಿಂದ ನಿನ್ನ ಮುಖಾನೇ ನೋಡ್ತಿದ್ದೆ. ಬಂತಲ್ಲ ಅಂದಳು, ಬಂತಂತೆ, ಕೊಳಲು ಬಂದು, ಮೆಟ್ಟಿಲು ಹತ್ತಿ, ಮೇಲೆ ನಿಂತು, ಇಳಿದು ಹೋಗಿದೆ, ಅವನು ಅಲ್ಲೇ ಕೂತಿದ್ದ, ಧಬ್ ಧಬ್ ಶುರುವಾದ ಮೇಲೆ ಕನ್ನಡಿಯಲ್ಲಿ ಮೀಸೆ ನೋಡಿಕೊಂಡ, ಚಿಲಕ, ಟಿಂಗ್ ಟಿಂಗ್ ಅಂದದ್ದು ಚಿಲಕ, ಮೊನ್ನೆ ಕುಕ್ಕರು, ಕೂಗಿ ಕೂಗಿ ತಳ ಹಿಡೀತು, ಪಕ್ಕದಲ್ಲೇ ಕೂತಿದ್ರಲ್ರೀ, ಒಂದು ಮಾತು ಹೇಳಬಾರದಿತ್ತಾ ಅಂದಳು ಹೆಂಡತಿ, ಫೋನು ಹೊಡ್ಕೊಂಡ್ರೂ ಎತ್ತಲ್ಲ ಅನ್ನುವ ಗಿರಾಕಿಗಳು, ಈಗಿನವರಿಗೆ ಬಾಯಿ ಬಿಟ್ಟು ಮಾತಾಡೋಕೇ ಬರಲ್ಲ ಅಂತ ಅವನು, ಮುಂಚಿನ ಹಾಗೆ ಈಗ ಹಕ್ಕಿಗಳೇ ಇಲ್ಲ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದವನು ಅವನು, ಪಾಪ, ಹಕ್ಕಿಗಳು ಇದ್ದಲ್ಲೇ ಇದ್ದವೇನೋ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂವತ್ತೆಂಟು ವರ್ಷ ಗ್ರೈಂಡರು ಕಿವಿಯ ಪಕ್ಕದಲ್ಲೇ ಕಿರುಚಿದೆ, ಮಗಳು ಕಿವಿ ಮುಚ್ಚುವ ಕವಚ ತಂದುಕೊಟ್ಟಿದ್ದಳು, ಒಂದು ಅವಳಿಗೆ ಒಂದು ಅವನಿಗೆ, ಫ್ಯಾಷನ್ನು ಅಂತ ನಕ್ಕು ಮೊಳೆಗೆ ನೇತುಹಾಕಿದ್ದಾನೆ, ಅದರ ಮೇಲೆ ಕಬ್ಬಿಣದ ಪುಡಿ ಕೂತು ಕೆಂಪಗಾಗಿದೆ.

ಟೇಪು ಹಳೇದಾಗಿ ಹಾಳಾಗಿದೆ ಕಣೇ, ಅಂದರೆ ಮುಗಿಯಿತು, ಮಾತು ನಾಲಿಗೆಯ ತುದಿಗೆ ಬಂದು ಕೂತಿದೆ, ಯಾರಿಗೂ ಗೊತ್ತಾಗುವುದಿಲ್ಲ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇನ್ನೊಂದು ಹತ್ತು ವರ್ಷ ಕುಡಿಯಬಹುದು, ಆದರೆ ಇವಳು ಇನ್ನು ಹಾಡು ತರುವುದಿಲ್ಲ, ಅವನಿಗೆ ಚೆನ್ನಾಗಿ ಗೊತ್ತು, ಹದಿನಾರನೇ ವಯಸ್ಸಿನಲ್ಲಿ ತಾನೂ ತರಲಿಲ್ಲವಲ್ಲ, ಅವಳ ಹಾಡು ಹೋಗಲಿ, ಈ ಸಲ ಅವನ ಹಾಡನ್ನೇ ಹೊತ್ತು ತಂದಿದ್ದಳು, ಅದಕ್ಕೂ ಅದೇ ಮಾತು ಅಂದನಲ್ಲ, ಅಪ್ಪನ ಮಾತು, ಅಕ್ಷರ ಬಿಡದೆ ಅಪ್ಪನ ಮಾತು, ತಗಡು ಬಡಿದ ಹಾಗಿದೆ — ತಗಡು. ಅಪ್ಪ ದಿನವಿಡೀ ತಗಡು ಬಡಿಯುತ್ತಿದ್ದ. ಬೆನ್ನ ಹಿಂದೆ ಅಷ್ಟು ಜೋರಾಗಿ ಕೋಣ ಅಂದರೂ ತಿರುಗಲಿಲ್ಲ, ಕ್ಷಮಿಸಿದ ಅಂದುಕೊಂಡಿದ್ದ, ಲೆಕ್ಕಕ್ಕೇ ಇಡಲಿಲ್ಲ ಅಂದುಕೊಂಡಿದ್ದ, ನಲವತ್ತೆರಡು ವರ್ಷ ಏನೇನೋ ಅಂದುಕೊಂಡಿದ್ದ, ಅಪ್ಪನಿಗೆ ಕೇಳಿಸಿರಲಿಲ್ಲ, ಕೋಣವೂ ಕೇಳಿಸಿರಲಿಲ್ಲ, ಕಿನ್ನರಿಯೂ ಕೇಳಿಸಿರಲಿಲ್ಲ, ಅದಕ್ಕೇ ಅಲ್ಲವೇ ಹಾಡು ಬಿಟ್ಟದ್ದು, ತನ್ನ ದನಿ ತನಗೇ ಕೇಳದ ಮೇಲೆ ಯಾರು ತಾನೇ ಹಾಡುತ್ತಾರೆ, ಹಾಗಾದರೆ ರೇಡಿಯೋದ ಮೇಲೆ ಅಂಗೈ ಯಾಕೆ, ಆರಿಸಲು ಒಂದು ತಿರುಪು ಸಾಕಿತ್ತು, ಕಣ್ಣು ಮುಚ್ಚಿಕೊಂಡು ಅರ್ಧ ಹಾಡಿನ ತನಕ ಅಲ್ಲಿ ಯಾಕೆ ನಿಂತಿದ್ದ. ನಿಲ್ಸು ಅಂದ ಅವನು. ಏನಪ್ಪಾ. ಗಾಡಿ ಪಕ್ಕಕ್ಕೆ ಹಾಕು ಮಗಳೇ, ಎಂಜಿನ್ ಆಫ್ ಮಾಡು. ಅವಳು ಮರದ ಕೆಳಗೆ ನಿಲ್ಲಿಸಿದಳು, ಗಂಡಸು ಐವತ್ತೆಂಟು ವರ್ಷಕ್ಕೆ ಮಗಳ ಮುಂದೆ ಒಂದು ಮಾತು ಆಡಲು ಇಷ್ಟು ಹೆದರಬೇಕೇ, ಹೆದರಿದ. ಇನ್ನೊಂದ್ಸಲ ಹಾಕು ಅಂದ, ಹಾಕಿ... ಕೊಳಲು ಬಂದಾಗ ನನಗೆ ಹೇಳ್ತೀಯಾ. ಅವಳು ಅವನನ್ನೇ ನೋಡಿದಳು, ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು, ಅಪ್ಪಾ ಅಂದಳು, ಎಷ್ಟು ದಿನದಿಂದ, ಗೊತ್ತಿಲ್ಲ ಕಣಮ್ಮಾ, ನನಗೂ ಈಗಲೇ ಗೊತ್ತಾಗಿದ್ದು, ಹಾಕು ನೀನು.

ಅವಳ ಬೆರಳು ಮೊಬೈಲನ್ನು ಮುಟ್ಟಿತು, ಅವನು ಬಗ್ಗಿ ಬಾಗಿಲಿನ ಸ್ಪೀಕರಿನ ಮೇಲೆ ಅಂಗೈ ಇಟ್ಟ, ಜಾಲರಿ ಬೆಚ್ಚಗಿದೆ, ಸದ್ದಿಲ್ಲ, ಈಗ ಬಂತು ಅಂದಳು ಮಗಳು, ಈಗ ಹತ್ತುತ್ತಿದೆ, ಅಂಗೈಯ ಕೆಳಗೆ ಏನೂ ಇಲ್ಲ, ಕೊಳಲು ಅಂಗೈಗೆ ಸಿಗುವುದಿಲ್ಲ, ಅವನು ತಲೆ ಎತ್ತಿದ, ಅವಳು ತುಟಿ ಮುಂದೆ ಚಾಚಿದ್ದಳು, ತೂ ತುತೂ, ಟ್ರಂಕಿನ ಮೇಲೆ ಕೂತಿದ್ದಾಗ ಊದಿದ ಹಾಗೆ, ಕಣ್ಣಲ್ಲಿ ನೀರು, ಆದರೂ ಒಂದೂ ತಪ್ಪದೆ, ಅವನಿಗೆ ಕೇಳಲಿಲ್ಲ, ಕಂಡಿತು, ಮೇಲೆ ಹೋಯಿತು, ಇನ್ನೂ ಮೇಲೆ, ಕೊನೆಯ ಮೆಟ್ಟಿಲಲ್ಲಿ ನಿಂತಿತು, ಈಗ ತಾಳ ಅಂದಳು, ಧಬ್ — ಅಂಗೈಗೆ ಬಂತು, ಧಬ್, ಅವನ ತೋರುಬೆರಳು ತಾನಾಗಿಯೇ ಎದ್ದು ಬಿತ್ತು, ಮತ್ತೆ ಎದ್ದು ಬಿತ್ತು, ಅಪ್ಪನಿಗೆ ಈಗ ಬಂತು ಅಂತ ಹೇಳುವವರು ಯಾರೂ ಇರಲಿಲ್ಲ, ಬಾಗಿಲಲ್ಲಿ ಮಗ ನಿಂತಿದ್ದ, ಒಂದು ಕಿವಿಯ ಪಕ್ಕ ಕೂದಲು ಗಿಡ್ಡ, ಒಂದು ಕಡೆ ಉದ್ದ, ಹಲ್ಲು ಕಚ್ಚಿಕೊಂಡು ನಿಂತಿದ್ದ, ಅಪ್ಪ ಕೈಕಾಲು ತೊಳೆದು ಬಂದಿದ್ದಾನೆ, ಕಣ್ಣು ಮುಚ್ಚಿದ್ದಾನೆ, ರೇಡಿಯೋದ ನೆತ್ತಿಯ ಮೇಲೆ ಅಂಗೈ, ಒಂದು, ಎರಡು, ಮೂರು, ತಾಳ ತಪ್ಪುತ್ತಿಲ್ಲ, ಒಂದೂ ತಪ್ಪುತ್ತಿಲ್ಲ, ಆ ಮೊಂಡು ಬೆರಳು, ರೇಡಿಯೋದ ಮೇಲೆ, ಆ ಮೊಂಡು ಬೆರಳು