ತಾನೇ ಮಾಡ್ಕೋತಾನೆ

ಬಸವೇಶ್ವರನಗರದ ಆ ಬೀದಿಯಲ್ಲಿ ಎಲ್‌ಕೆಜಿ ಸೀಟು ಗಿಟ್ಟಿಸುವ ವಿದ್ಯೆಯಲ್ಲಿ ವಿಮಲಮ್ಮನನ್ನು ಮೀರಿಸಿದವರಿರಲಿಲ್ಲ. ಮೊಮ್ಮಕ್ಕಳನ್ನೆಲ್ಲ ಇಂಟರ್‌ವ್ಯೂಗೆ ತಯಾರು ಮಾಡಿದ್ದು ಆಕೆಯೇ. ಹಾಗಾಗಿ, ಕೆಳಗಿನ ಮನೆಯ ಶಿವಗಂಗಮ್ಮನ ಮಗನನ್ನು ನೋಡಲು ದಿಕ್ಕಿಲ್ಲದ ರೋಗಿಗಳನ್ನು ಕೊನೆತನಕ ಇಟ್ಟುಕೊಂಡು ನೋಡಿಕೊಳ್ಳುವ, ಕೆಂಗೇರಿಯ ಕಡೆಯ ನರ್ಸಿಂಗ್ ಹೋಮಿನವರು ಬರುತ್ತಾರೆಂದು ತಿಳಿದ ಕೂಡಲೇ ಮೆಟ್ಟಿಲಿಳಿದು ಬಂದರು. ಮಗ ರುದ್ರಮುನಿಯ ಮೀಸೆಯಲ್ಲಿ ಆಗಲೇ ನರೆ. ಬುದ್ಧಿ ಮಾತ್ರ ಐದನೆಯ ವಯಸ್ಸಿನಲ್ಲಿ ಕಾಲು ನೀಡಿ ಕೂತದ್ದು ಮತ್ತೆ ಎದ್ದಿರಲಿಲ್ಲ.

“ಸ್ಕೂಲ್ ಅಡ್ಮಿಷನ್ ಇದ್ದಂಗೇ ಕಣ್ರೀ. ಬರಲ್ಲ ಅಂತ ಮಾತ್ರ ಬಾಯ್ಬಿಡ್ಬೇಡಿ. ಎಲ್ಲಾ ಬರತ್ತೆ ಅನ್ನಿ. ತಲೆನೋವನ್ನ ಯಾರು ಸೇರಿಸ್ಕೋತಾರೆ, ಹೇಳಿ?”

ಶಿವಗಂಗಮ್ಮನಿಗೆ ಸರಿಯೆನಿಸಿತು. ಆಕೆಯ ಹೃದಯ ಸೋತಿದೆಯೆಂದು ಡಾಕ್ಟರು ಹೇಳಿದ್ದರು; ಇನ್ನೆಷ್ಟು ದಿನ ಎಂಬುದನ್ನು ಮಾತ್ರ ಮರ್ಯಾದೆಗೆ ಹೇಳಿರಲಿಲ್ಲ. ಗಂಡ ತೀರಿಕೊಂಡಿದ್ದರು. ನೆಂಟರು ಹಬ್ಬಕ್ಕೆ ಫೋನ್ ಮಾಡುವಷ್ಟು ನೆಂಟರು. ತಾನು ಕಣ್ಣುಮುಚ್ಚುವ ಮೊದಲು ರುದ್ರನಿಗೊಂದು ನೆಲೆ ಆಗಬೇಕಿತ್ತು.

ಬಂದವಳು ಮಾನಸ. ಸೇರಲು ಬಯಸುವವರ ಮನೆಗೆ ಹೋಗಿ, ಯಾರಿಗೆ ಎಷ್ಟು ಆರೈಕೆ ಬೇಕೆಂದು ನೋಡುವುದು ಅವಳ ಕೆಲಸ. ಇಸ್ತ್ರಿ ಅಂಗಿ ತೊಟ್ಟು, ಹಣೆತುಂಬ ವಿಭೂತಿ ಧರಿಸಿ ರುದ್ರ ಮದುಮಗನಂತೆ ಕೂತಿದ್ದ. ಹೆಸರು ಕೇಳಿದರೆ ಹೆಸರು, ಜೊತೆಗೆ ಕೇಳದಿದ್ದರೂ ಅಡ್ರೆಸ್ಸು, ಪಿನ್‌ಕೋಡ್ ಸಮೇತ. ಬಾಗಿಲ ಬಳಿ ವಿಮಲಮ್ಮನ ತುಟಿಗಳೂ ಅವನೊಂದಿಗೆ ಅಲುಗುತ್ತಿದ್ದವು.

“ಊಟ, ಅಮ್ಮಾ?”

“ತಾನೇ ಮಾಡ್ತಾನೆ.” ತುತ್ತು ಕಟ್ಟಿ ಕೈಗಿಡುವವರು ಯಾರೆಂದು ಶಿವಗಂಗಮ್ಮ ಹೇಳಲಿಲ್ಲ.

“ಸ್ನಾನ?”

“ತಾನೇ ಮಾಡ್ಕೋತಾನೆ.”

“ಫಿಟ್ಸ್ ಏನಾದ್ರೂ ಬರತ್ತಾ?”

“ಅಯ್ಯೋ, ಯಾವಾಗಲೋ, ಚಿಕ್ಕೋನಿದ್ದಾಗ.” ಹೋದ ವಾರವಷ್ಟೇ ಫಿಟ್ಸ್ ಬಂದು ಅಡುಗೆಮನೆಯಲ್ಲಿ ಬಿದ್ದು ಗಲ್ಲ ತರಚಿಕೊಂಡಿದ್ದ. ಅದರ ಮೇಲೆ ವಿಮಲಮ್ಮ ಪೌಡರ್ ಬಳಿದಿದ್ದರು.

ಸುಳ್ಳು ಹೇಳುತ್ತಿದ್ದೇನೆಂದು ಶಿವಗಂಗಮ್ಮನಿಗೆ ಅನಿಸಲೇ ಇಲ್ಲ. ಮದುವೆಮನೆಗಳಲ್ಲಿ ಕೇಳಿದವರಿಗೆಲ್ಲ ಇದೇ ಉತ್ತರ ಕೊಟ್ಟು ನಾಲಿಗೆ ಪಳಗಿತ್ತು.

ಮಾನಸ ನಕ್ಕಳು. “ಎಷ್ಟು ಚೆನ್ನಾಗಿ ಬೆಳೆಸಿದೀರ ಅಮ್ಮಾ!”

ರುದ್ರ ಹುಟ್ಟಿದಂದಿನಿಂದ ಆಕೆಗೆ ಯಾರೂ ಈ ಮಾತು ಹೇಳಿರಲಿಲ್ಲ. ಒಂದು ಕ್ಷಣ ಎದೆಯ ನೋವೂ ಮರೆತುಹೋಯಿತು.

“ಇವ್ರಿಗೆ ನಮ್ಮ ನರ್ಸಿಂಗ್ ಹೋಮ್ ಬೇಕಾಗಿಲ್ಲ,” ಎಂದಳು ಮಾನಸ. “ಅಲ್ಲಿರೋ ಬೆಡ್‌ಗಳು ತಮ್ಮ ಕೆಲಸ ತಾವು ಮಾಡ್ಕೊಳಕ್ಕಾಗದೇ ಇರೋರಿಗೆ ಮಾತ್ರ. ಇಂಥೋರು ಮನೇಲಿದ್ರೇನೇ ಚೆನ್ನ.”

ವಿಮಲಮ್ಮನಿಗೆ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಅವರು ಮೆಟ್ಟಿಲು ಹತ್ತಿದರು.

“ಹಂಗಲ್ಲ ಕಣಮ್ಮಾ, ತಾಳು.” ಶಿವಗಂಗಮ್ಮ ಕುರ್ಚಿಯ ಕೈ ಹಿಡಿದುಕೊಂಡರು. “ನಾನ್ ಹೇಳಿದ್ದು ಸುಳ್ಳು. ಇವ್ನಿಗೆ ಸ್ನಾನ ಬರಲ್ಲ.”

“ಬರತ್ತೆ,” ಎಂದ ರುದ್ರ.

ಮಾನಸ ಚೀಲ ಹೆಗಲಿಗೇರಿಸಿದ್ದಳು. “ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಇಲ್ಲ ಅಂದ ತಕ್ಷಣ ಎಲ್ರೂ ಹಿಂಗೇ ಮಾತು ತಿರುಗಿಸ್ತಾರೆ. ಯಾವ್ದನ್ನ ನಂಬ್ಲಿ?”

“ಇದನ್ನ ನಂಬು. ಊಟ ನಾನೇ ಮಾಡಿಸ್ಬೇಕು. ರಾತ್ರಿ ಬಟ್ಟೆ ಒದ್ದೆ ಮಾಡ್ಕೋತಾನೆ. ನಾನಿಲ್ದಿದ್ರೆ ಇವ್ನು…”

ರುದ್ರ ಎದ್ದುನಿಂತಿದ್ದ. ಪರೀಕ್ಷೆ ಪಾಸಾದ ಮುಖ ನಿಧಾನವಾಗಿ ಇಳಿಯಿತು. ಅವನು ತಾಯಿಯ ಬಳಿ ಬಂದು, ತನ್ನ ದಪ್ಪನೆಯ ಅಂಗೈಯನ್ನು ಆಕೆಯ ಬಾಯಿಯ ಮೇಲಿಟ್ಟ. ಒತ್ತಲಿಲ್ಲ, ಸುಮ್ಮನೆ ಇಟ್ಟ.

“ಹೇಳ್ಬೇಡಮ್ಮ. ಆಂಟಿ ಇದಾರೆ.”

ನಾಚಿಕೆ, ಅವಮಾನ ಇವನಿಗೆ ಅರ್ಥವಾಗುವುದಿಲ್ಲವೆಂದೇ ಶಿವಗಂಗಮ್ಮ ಇಷ್ಟು ವರ್ಷ ತಿಳಿದಿದ್ದರು; ಅದು ಇವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

“ಫಿಟ್ಸ್ ವಿಷ್ಯ ಏನಾದ್ರೂ ಇದ್ರೆ ಹೇಳಿ ಅಮ್ಮಾ,” ಎಂದಳು ಮಾನಸ. ದನಿ ಈಗ ಸ್ವಲ್ಪ ಮೆತ್ತಗಾಗಿತ್ತು. “ಅದಿದ್ರೆ ಬೇರೆ ಮಾತು, ಸೇರಿಸ್ಕೋಬಹುದು.”

ಶಿವಗಂಗಮ್ಮ ಮಗನ ಅಂಗೈಯನ್ನು ಬಾಯಿಂದ ಸರಿಸಿ ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ರುದ್ರ ಆಕೆಯ ತುಟಿಗಳನ್ನೇ ನೋಡುತ್ತಿದ್ದ.

“ಏನಿಲ್ಲಮ್ಮ,” ಎಂದರು. “ಹೋಗ್ಬಾ.”