ಮೂರನೆಯ ಗೆರೆ

ಭಾವನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ನಾಲಿಗೆ ಬಿಗಿಹಿಡಿದಿದ್ದಳು. ಊರಿನ ನೀರು ಶುದ್ಧೀಕರಣ ಘಟಕದ ಮುಖ್ಯ ಎಂಜಿನಿಯರ್ ಅವನು. ಆ ನೀರನ್ನು ಪರೀಕ್ಷಿಸುವ ಲ್ಯಾಬು ಇವಳದು. ‘ಹುಳದ ಡಾಕ್ಟ್ರು’ ಎಂದು ಅವನು ಇಟ್ಟ ಅಡ್ಡಹೆಸರು ಆಫೀಸಿಗೆಲ್ಲ ಹಬ್ಬಿತ್ತು.

ಘಟಕದಿಂದ ಹೊರಡುವ ನೀರನ್ನು ಸೋಸಿ, ಉಳಿದ ಗಸಿಯಿಂದ ಡಿಎನ್‌ಎ ತೆಗೆದು ಅವಳು ಪಿಸಿಆರ್ ಯಂತ್ರಕ್ಕೆ ಹಾಕಿದ್ದಳು. ಭೇದಿ ಹಿಡಿಸುವ ಪರಾವಲಂಬಿಯ ಡಿಎನ್‌ಎ ಚೂರೇ ಚೂರು ಇದ್ದರೂ ಯಂತ್ರ ಅದನ್ನು ನಕಲು ಮಾಡಿ ಮಾಡಿ ಹೆಚ್ಚಿಸುತ್ತದೆ; ಪರದೆಯ ಮೇಲೆ ಗೆರೆ ಏಳುತ್ತದೆ. ಗೆರೆ ಎದ್ದಿತ್ತು. ಭಾವ ಒಪ್ಪಲಿಲ್ಲ.

“ಕ್ಲೋರಿನ್ ಹಾಕಿದ ನೀರಲ್ಲಿ ಹುಳಾನಾ? ತಲೆ ನೆಟ್ಟಗಿದೆಯಾ ನಿನಗೆ?”

“ಇದರ ಚಿಪ್ಪು ಗಟ್ಟಿ, ಭಾವ. ಕ್ಲೋರಿನ್‌ಗೆಲ್ಲ ಜಗ್ಗಲ್ಲ. ಕುದಿಸಿದ್ರೆ ಸಾಯುತ್ತೆ.”

ಕುದಿಸುವ ಮಾತೆತ್ತಿದ್ದೇ ತಡ, ಅವನ ಮುಖ ಕೆಂಪಾಯಿತು. ತನ್ನ ಘಟಕದ ನೀರನ್ನು ತನ್ನ ಮನೆಯಲ್ಲೇ ಕುದಿಸಿದರೆ ಜನ ಆಡಿಕೊಳ್ಳುತ್ತಾರೆಂದು ಹೋದ ತಿಂಗಳು ಅಕ್ಕನ ಕೈಯಿಂದ ಪಾತ್ರೆ ಕಸಿದು ಒಲೆ ಆರಿಸಿದ್ದ ಮಹಾನುಭಾವ! ಈಗ ಅಕ್ಕನ ಮಗು ಭೇದಿಯಾಗಿ ಸೊರಗಿ ಹಾಸಿಗೆ ಹಿಡಿದಿತ್ತು. ಹಲ್ಲು ಬರುವಾಗ ಹಾಗೇ ಎನ್ನುತ್ತಿದ್ದ ಭಾವ. ಅವಳಿಗೆ ಬೇಕಿದ್ದದ್ದು ಇಷ್ಟೇ: ಆ ಒಲೆ ಮತ್ತೆ ಉರಿಯಬೇಕು.

ಮರುದಿನ ಅವನು ದೊಡ್ಡದೊಂದು ಕ್ಯಾನು ತಂದು ಮೇಜಿನ ಮೇಲೆ ಕುಕ್ಕಿದ.

“ನಮ್ಮ ಮನೆ ನಲ್ಲಿ ನೀರು. ನಿನ್ನ ಯಂತ್ರಕ್ಕೆ ಹುಚ್ಚು ಹಿಡಿದಿದೆ. ಇದಕ್ಕೂ ಗೆರೆ ಎಬ್ಬಿಸುತ್ತೆ, ನೋಡ್ತಿರು.”

ಸಂಜೆಗೆ ಎಬ್ಬಿಸಿತು; ಘಟಕದ ನೀರಿನ ಗೆರೆಯ ಪಕ್ಕದಲ್ಲೇ ಎರಡನೆಯದೂ ಎದ್ದಿತು. ಭಾವ ಮೇಜು ಕುಟ್ಟಿ ನಕ್ಕ.

“ನಾನ್ ಹೇಳ್ಲಿಲ್ವಾ? ನಿನ್ನ ಲ್ಯಾಬಿಗೆ ಬೀಗ ಹಾಕಿಸ್ತೀನಿ!”

ಅವಳು ಪರದೆಯ ತಳಕ್ಕೆ ಬೆರಳಿಟ್ಟಳು. ಅಲ್ಲಿ ಮೂರನೆಯ ಗೆರೆ ಅಲುಗದೆ ಮಲಗಿತ್ತು.

“ಇದು ನಾನು ಹೋಲಿಸೋಕೆ ಅಂತ ಹಾಕಿದ ಶುದ್ಧ ನೀರು. ಯಂತ್ರಕ್ಕೆ ಹುಚ್ಚಾಗಿದ್ರೆ ಇದೂ ಏಳಬೇಕಿತ್ತಲ್ವಾ?”

ಅವನು ಬಗ್ಗಿ ಪರದೆ ನೋಡಿದ. ಮನೆಯ ನೀರನ್ನು ಅವನೇ ಕೈಯಾರೆ ತಂದಿದ್ದ. ಬೇರೆಯವರ ತಲೆಗೆ ಕಟ್ಟುವಂತಿರಲಿಲ್ಲ. ಅವಳು ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಅವನ ಮುಖಕ್ಕೆ ಹಿಡಿದಳು.

“ಹೇಳಿ.”

ಅವನು ಕ್ಯಾನನ್ನು ಪಕ್ಕಕ್ಕೆ ತಳ್ಳಿದ.

“ನೀರು ಕುದಿಸು,” ಎಂದ.

ಆ ಕಡೆಯಿಂದ ಅಕ್ಕನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ಒಲೆ ಆರಿಸಿದವರು ನೀವೇ ತಾನೇ? ಆಮೇಲೇ ಅಲ್ವಾ ಮಗು ಮಲಗಿದ್ದು?”

ಅವನ ಮುಖ ಬಿಳಿಚಿಕೊಂಡಿತು. ಅವಳಿಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

“ಫೋನ್ ನೀವೇ ಇಟ್ಕೊಳ್ಳಿ ಭಾವ,” ಎಂದಳು. “ಊರಲ್ಲಿ ಇನ್ನೂ ಎಷ್ಟೋ ಮನೇಲಿ ಮಕ್ಕಳಿದ್ದಾರೆ. ಅವರಿಗೂ ನೀವೇ ಹೇಳ್ಬೇಕು.”